ಊರಿಗೆ ಹೊರಡುವ ಮುಂಚೆ ಮನೆಗೆ ಏನೇನು ಮಾಡಬೇಕು

ದಸರಾ ರಜೆ, ಬೇಸಿಗೆ ರಜೆ, ದೀಪಾವಳಿ, ಮದುವೆ ಸೀಸನ್. ಈ ದಿನಗಳಲ್ಲಿ ಪೇಪರ್ ತೆರೆದರೆ ಒಂದು ಸುದ್ದಿ ಇದ್ದೇ ಇರುತ್ತದೆ. ಮನೆಯವರು ಊರಿಗೆ ಹೋಗಿದ್ದಾಗ ಬಾಗಿಲ ಬೀಗ ಮೀಟಿ ಒಳನುಗ್ಗಿದ ಕಳ್ಳರು ಬೀರುವಿನಲ್ಲಿದ್ದ ಚಿನ್ನ, ನಗದು ಕದ್ದು ಪರಾರಿಯಾಗಿದ್ದಾರೆ ಅಂತ. ಕಳ್ಳನಿಗೆ ಬೇಕಾದ ಮೂರೂ ಆ ಒಂದೇ ವಾಕ್ಯದಲ್ಲಿವೆ. ಮನೆ ಖಾಲಿ ಇದೆ ಅಂತ ಗೊತ್ತಾಗಬೇಕು, ಬಾಗಿಲು ಬೇಗ ತೆರೆಯಬೇಕು, ಒಳಗೆ ಜಾಸ್ತಿ ಹುಡುಕದೆ ಚಿನ್ನ ಸಿಗಬೇಕು.

ಈ ಮೂರನ್ನೂ ಅವನಿಗೆ ಕಷ್ಟ ಮಾಡುವುದು ನಮ್ಮ ಕೈಯಲ್ಲೇ ಇದೆ. ಸಾವಿರಾರು ರೂಪಾಯಿ ಸುರಿಯಬೇಕು ಅಂತೇನಿಲ್ಲ. ಎಲ್ಲರೂ ಬೀಗದಿಂದ ಶುರು ಮಾಡುತ್ತಾರೆ, ನಾನು ಚಿನ್ನದಿಂದ ಶುರು ಮಾಡಿ ಅನ್ನುತ್ತೇನೆ. ಮುರಿದ ಬಾಗಿಲನ್ನು ಬಡಗಿ ಒಂದು ದಿನದಲ್ಲಿ ಸರಿ ಮಾಡಿ ಹೋಗುತ್ತಾರೆ. ಅಜ್ಜಿ ಕೊಟ್ಟ ಸರ ಕರಗಿಸಿದ ಮೇಲೆ ಯಾರು ಏನು ಮಾಡೋಕೂ ಆಗಲ್ಲ.

ಮೊದಲು ಚಿನ್ನದ ವಿಷಯ

ವರಮಹಾಲಕ್ಷ್ಮಿ ಹಬ್ಬ ಬಂತು ಅಂದರೆ ಲಾಕರ್‌ನಿಂದ ಒಡವೆ ಮನೆಗೆ ಬರುತ್ತದೆ. ದೇವಿಗೆ ಹಾಕುತ್ತೇವೆ, ಮುಂದೆ ನೋಟಿನ ಕಂತೆ ಇಡುತ್ತೇವೆ, ಫೋಟೊ ತೆಗೆದು ಸ್ಟೇಟಸ್ ಹಾಕುತ್ತೇವೆ. ಹಬ್ಬ ಶುಕ್ರವಾರ ಮುಗಿಯುತ್ತದೆ, ಒಡವೆ ಮಾತ್ರ ವಾಪಸ್ ಬ್ಯಾಂಕಿಗೆ ಹೋಗುವುದೇ ಇಲ್ಲ. ಗೌರಿ ಹಬ್ಬ ಹತ್ತಿರ ಇದೆಯಲ್ಲ, ಆಮೇಲೆ ಮದುವೆ ಇದೆಯಲ್ಲ ಅಂತ ಬೀರುವಿನಲ್ಲೇ ಉಳಿಯುತ್ತದೆ. ಅಪಾಯ ಇರುವುದು ಆ ಮಧ್ಯದ ದಿನಗಳಲ್ಲೇ. ಹಬ್ಬದ ನಂತರದ ಸೋಮವಾರ ಬ್ಯಾಂಕಿಗೆ ಹೋಗುವುದನ್ನೂ ಹಬ್ಬದ ಕೆಲಸದ ಪಟ್ಟಿಯಲ್ಲೇ ಬರೆದಿಟ್ಟುಕೊಳ್ಳಿ. ಫೋಟೊ ಹಾಕಲೇಬೇಕು ಅನ್ನಿಸಿದರೆ ಒಡವೆ ಲಾಕರ್ ಸೇರಿದ ಮೇಲೆ ಹಾಕಿ. ಸ್ಟೇಟಸ್ ನೋಡುವವರಲ್ಲಿ ಗ್ಯಾಸ್ ರಿಪೇರಿಯವರು, ಹಳೇ ಬಾಡಿಗೆದಾರರು, ಯಾವಾಗಲೋ ನಂಬರ್ ಸೇವ್ ಮಾಡಿದವರು ಎಲ್ಲರೂ ಇರುತ್ತಾರೆ, ಅವರಿಂದ ಇನ್ನೊಬ್ಬರಿಗೆ ಮಾತು ಹೋಗುವುದನ್ನು ತಡೆಯಲಾಗದು.

ಬ್ಯಾಂಕ್ ಲಾಕರ್ ಬಗ್ಗೆ ಒಂದು ಮಾತು ತಿಳಿದಿರಲಿ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಕಳ್ಳತನ, ದರೋಡೆ, ಬೆಂಕಿ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ಮೋಸದಿಂದ ಲಾಕರ್‌ನಲ್ಲಿದ್ದದ್ದು ಹೋದರೆ ಬ್ಯಾಂಕ್ ವಾರ್ಷಿಕ ಬಾಡಿಗೆಯ 100 ಪಟ್ಟು ಕೊಡಬೇಕು. ವರ್ಷಕ್ಕೆ 3,000 ರೂಪಾಯಿ ಬಾಡಿಗೆ ಇದ್ದರೆ 3 ಲಕ್ಷ, ಅಷ್ಟೇ. ಒಳಗೆ ಏನಿದೆ ಅನ್ನುವ ಲೆಕ್ಕ ಬ್ಯಾಂಕಿನ ಬಳಿ ಇರುವುದಿಲ್ಲ. ಹಾಗಿದ್ದರೂ ಮನೆಯ ಬೀರುವಿಗಿಂತ ಅದು ಎಷ್ಟೋ ವಾಸಿ.

ಮನೆಯಲ್ಲೇ ಸ್ವಲ್ಪ ಇಟ್ಟುಕೊಳ್ಳಲೇಬೇಕು ಅನ್ನುವವರಿಗೆ: ಬೀರುವಿನ ಒಳ ಲಾಕರ್, ಸೀರೆಗಳ ಮಡಿಕೆ, ಅಕ್ಕಿ ಡಬ್ಬ, ಹಾಸಿಗೆ ಅಡಿ, ದೇವರ ಮನೆ, ಇಷ್ಟೂ ಜಾಗ ಎಲ್ಲರಿಗೂ ಗೊತ್ತು. ಅದಕ್ಕಿಂತ ಬೇಸರದ ವಿಷಯ ಅಂದರೆ ಬೀರುವಿನ ಕೀ ಬೀರುವಿನ ಮೇಲೆಯೇ ಇರುತ್ತದೆ, ಇಲ್ಲವೇ ಪಕ್ಕದ ಡ್ರಾಯರ್‌ನಲ್ಲಿ ಇರುತ್ತದೆ. ಚಿಕ್ಕ ಸೇಫ್ ತಂದರೆ ಗೋಡೆಗೋ ನೆಲಕ್ಕೋ ಆ್ಯಂಕರ್ ಬೋಲ್ಟ್ ಹಾಕಿ ಕೂರಿಸಿ. ಸುಮ್ನೆ ಇಟ್ಟರೆ ಇಬ್ಬರು ಸೇರಿ ಸೇಫನ್ನೇ ಎತ್ತಿಕೊಂಡು ಹೋಗುತ್ತಾರೆ, ಬೇರೆಲ್ಲೋ ಕೂತು ಆರಾಮಾಗಿ ಒಡೆಯುತ್ತಾರೆ.

ಒಂದು ಭಾನುವಾರ ಕೂತು ಈ ಕೆಲಸ ಮಾಡಿಬಿಡಿ. ಪ್ರತಿ ಒಡವೆಯ ಫೋಟೊ ತೆಗೆಯಿರಿ, ತೂಕ ಬರೆಯಿರಿ, ಬಿಲ್ಲಿನ ಫೋಟೊ ಜೊತೆಗಿಡಿ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಚಿನ್ನಕ್ಕೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಯಾದ ಗುರುತಿನ ನಂಬರ್, ಕಡ್ಡಾಯವಾಗಿದೆ. ಬಳೆಯ ಒಳಮೈಯಲ್ಲೋ ಸರದ ಕೊಕ್ಕೆ ಹತ್ತಿರವೋ ಸಣ್ಣದಾಗಿ ಕೆತ್ತಿರುತ್ತಾರೆ, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದರೆ ಕಾಣುತ್ತದೆ. ಅದನ್ನೂ ಬರೆದಿಡಿ. ಹಳೇ ಒಡವೆಗೆ ಆ ನಂಬರ್ ಇರುವುದಿಲ್ಲ, ಹಾಗಾಗಿ ಅವಕ್ಕೆ ಫೋಟೊ ಇನ್ನೂ ಮುಖ್ಯ. ಪಟ್ಟಿಯ ಒಂದು ಪ್ರತಿ ತಂಗಿಗೋ ಅಣ್ಣನಿಗೋ ಕಳಿಸಿಡಿ.

ಬಾಗಿಲು: ಬೀಗಕ್ಕಿಂತ ಕೊಂಡಿ ನೋಡಿ

ಅಂಗಡಿಗೆ ಹೋಗಿ ದೊಡ್ಡ ಬೀಗ ತರುತ್ತೇವೆ, ಕೈಯಲ್ಲಿ ಹಿಡಿದರೆ ಅರ್ಧ ಕೆಜಿ ಭಾರ, ಸಮಾಧಾನ ಆಗುತ್ತದೆ. ಆದರೆ ಕಳ್ಳ ಬೀಗ ಒಡೆಯುವುದು ಕಡಿಮೆ. ಅವನು ಕಬ್ಬಿಣದ ರಾಡನ್ನು ಕೊಂಡಿಯ ಹಿಂದೆ ತೂರಿಸಿ ಮೀಟುತ್ತಾನೆ. ಬೀಗ ಹಾಗೇ ಇರುತ್ತದೆ, ಕೊಂಡಿ ಮರದಿಂದ ಕಿತ್ತು ಬರುತ್ತದೆ.

ಇವತ್ತೇ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ನಿಮ್ಮ ಬಾಗಿಲಿನ ಕೊಂಡಿಯ ಒಂದು ಸ್ಕ್ರೂ ಬಿಚ್ಚಿ ನೋಡಿ. ಉಗುರಿನಷ್ಟು ಉದ್ದದ ಸ್ಕ್ರೂ ಕೈಗೆ ಬಂದರೆ ಆಶ್ಚರ್ಯ ಪಡಬೇಡಿ. ಎಷ್ಟೋ ಮನೆಗಳಲ್ಲಿ ಆ ನಾಲ್ಕು ಪುಟ್ಟ ಸ್ಕ್ರೂಗಳ ಮೇಲೆಯೇ ಇಡೀ ಮನೆ ನಿಂತಿರುತ್ತದೆ. ಅದರ ಬದಲು ಬಾಗಿಲಿನ ಆಚೆಯಿಂದ ಈಚೆಗೆ ತೂತು ಕೊರೆದು ಬೋಲ್ಟ್ ಹಾಕಿಸಿ, ಒಳಗಿನಿಂದ ವಾಷರ್ ಇಟ್ಟು ನಟ್ ಬಿಗಿಯಿರಿ. ಬೋಲ್ಟಿನ ಹೊರಗಿನ ತಲೆ ಸ್ಪ್ಯಾನರ್‌ಗೆ ಸಿಗದಂತೆ ಗುಂಡಗೆ ಇರಲಿ. ಚೌಕಟ್ಟಿನ ಕಡೆ ಸ್ಕ್ರೂ ಹಾಕುವುದಾದರೆ ಮೂರು ಇಂಚಿನದು ಹಾಕಿಸಿ. ಒಬ್ಬ ಬಡಗಿಗೆ ಒಂದು ಗಂಟೆಯ ಕೆಲಸ ಇದು, ಸಾಮಾನಿನ ಖರ್ಚು ನೂರು ಇನ್ನೂರು ರೂಪಾಯಿ ದಾಟಲಾರದು.

ಬಾಗಿಲಿನ ಒಳಗೇ ಕೂರುವ ಲಾಕ್ ಆದರೆ ಇನ್ನೂ ಒಳ್ಳೆಯದು, ಹೊರಗೆ ನೇತಾಡುವ ಬೀಗ ಕಾಣುವುದಿಲ್ಲ. ನೇತಾಡುವ ಬೀಗ ಅಂದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದಂತೆ, ಅಲ್ವಾ. ಎಳೆದುಕೊಂಡ ತಕ್ಷಣ ತಾನಾಗಿ ಬೀಳುವ ನೈಟ್ ಲ್ಯಾಚ್ ಇದ್ದರೆ ಅದನ್ನು ಹಾಗೇ ಬಿಟ್ಟು ಹೋಗಬೇಡಿ. ಕೀ ಹಾಕಿ ಪೂರ್ತಿ ತಿರುಗಿಸಿ, ನಾಲಿಗೆ ಚೌಕಟ್ಟಿನೊಳಗೆ ಆಳಕ್ಕೆ ಹೋಗಬೇಕು. ಹೊರಗಡೆ ಗ್ರಿಲ್ ಗೇಟ್ ಇರುವವರು ಕೈ ಒಳಗೆ ಹಾಕಿ ಬೀಗವನ್ನು ಒಳಬದಿಗೆ ಬರುವಂತೆ ಹಾಕಿ. ರಸ್ತೆಯಿಂದ ನೋಡಿದವರಿಗೆ ಬೀಗ ಕಾಣಬಾರದು, ರಾಡ್ ಹಾಕಲೂ ಜಾಗ ಸಿಗಬಾರದು. ಬೀಗ ಕೊಳ್ಳುವಾಗ ಮೇಲಿನ ಕಂಬಿ ದಪ್ಪ ಇದ್ದು ಗಿಡ್ಡ ಇರುವುದನ್ನು ತೆಗೆದುಕೊಳ್ಳಿ, ಕಟರ್‌ನ ಬಾಯಿ ಒಳಗೆ ತೂರುವುದಿಲ್ಲ.

ಹೊಸದಾಗಿ ಬಾಡಿಗೆಗೆ ಹೋದವರು ಮೊದಲ ವಾರದಲ್ಲೇ ಲಾಕ್ ಬದಲಿಸಿ. ಹಿಂದೆ ಇದ್ದವರು ಒಳ್ಳೆಯವರೇ ಇರಬಹುದು, ಅವರ ಕೀ ಯಾರ ಯಾರ ಕೈ ಹಾದು ಬಂದಿದೆಯೋ ಗೊತ್ತಿಲ್ಲ. ಪೂರ್ತಿ ಲಾಕ್ ಬೇಡ, ಕೀ ಹಾಕಿ ತಿರುಗಿಸುವ ಒಳಭಾಗ, ಅಂದರೆ ಲಾಕಿನ ಸಿಲಿಂಡರ್ ಮಾತ್ರ ಬದಲಿಸಿದರೂ ಸಾಕು.

ಇನ್ನು ಕೀ ಇಡುವ ಜಾಗ. ಚಪ್ಪಲಿ ಸ್ಟ್ಯಾಂಡ್, ಹೂಕುಂಡದ ಅಡಿ, ಮೀಟರ್ ಡಬ್ಬ, ಕಿಟಕಿ ಸಂದಿ, ತುಳಸಿ ಕಟ್ಟೆಯ ಗೂಡು. ಕಳ್ಳರು ಮೊದಲು ಕೈ ಹಾಕುವುದೇ ಅಲ್ಲಿಗೆ. ಮನೆಯವರೆಲ್ಲರಿಗೂ ಒಂದೊಂದು ಕೀ ಮಾಡಿಸಿ, ಇನ್ನೊಂದನ್ನು ನಂಬಿಕೆಯ ಪಕ್ಕದ ಮನೆಯಲ್ಲಿ ಕೊಡಿ. ಹೊರಗೆ ಎಲ್ಲೂ ಬಚ್ಚಿಡಬೇಡಿ.

ಹಿಂದೆ, ಮೇಲೆ, ಪಕ್ಕ

ಮುಂಬಾಗಿಲಿಗೆ ತೇಗ, ಹಿತ್ತಲ ಬಾಗಿಲಿಗೆ ತಗಡು. ನಮ್ಮ ಎಷ್ಟೋ ಮನೆ ಹೀಗೇ ಇರುತ್ತವೆ. ಟೆರೇಸ್ ಬಾಗಿಲಂತೂ ಪಿವಿಸಿದು, ಒಂದು ಒದೆತಕ್ಕೆ ಬೀಳುತ್ತದೆ. ಸಂಜೆ ಮನೆ ಸುತ್ತ ಒಂದು ಸುತ್ತು ಹಾಕಿ, ಕೀ ಇಲ್ಲದೆ ಒಳಗೆ ಹೋಗಬೇಕಾದರೆ ನಾನು ಎಲ್ಲಿಂದ ಹೋಗುತ್ತಿದ್ದೆ ಅಂತ ಯೋಚಿಸಿ. ಕಾಂಪೌಂಡ್‌ಗೆ ಒರಗಿಸಿದ ಏಣಿ, ಹಿತ್ತಲಲ್ಲಿ ಬಿಟ್ಟ ಹಾರೆ, ಪಿಕಾಸಿ ಕಣ್ಣಿಗೆ ಬೀಳುತ್ತವೆ. ಕಳ್ಳನಿಗೆ ಉಪಕರಣ ನಾವೇ ಕೊಟ್ಟಂತೆ. ಎಲ್ಲ ಒಳಗಿಟ್ಟು ಬೀಗ ಹಾಕಿ.

ಬಾತ್‌ರೂಮ್ ವೆಂಟಿಲೇಟರ್‌ನ ಗಾಜಿನ ಪಟ್ಟಿಗಳನ್ನು ಹೊರಗಿನಿಂದ ಒಂದೊಂದಾಗಿ ಜಾರಿಸಿ ತೆಗೆಯಬಹುದು, ಅದಕ್ಕೆ ಸರಳು ಹಾಕಿಸಿ. ಬಾಲ್ಕನಿಯ ಸ್ಲೈಡಿಂಗ್ ಬಾಗಿಲಿಗೆ ಕೆಳಗಿನ ಹಳಿಯಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿದ ಒಂದು ಕೋಲು ಇಟ್ಟರೆ ಸಾಕು, ಎಷ್ಟು ತಳ್ಳಿದರೂ ಸರಿಯುವುದಿಲ್ಲ. ಮಲೆನಾಡು, ಕರಾವಳಿಯ ಹೆಂಚಿನ ಮನೆಯವರಿಗೆ ಬೇರೆಯೇ ಚಿಂತೆ, ಹೆಂಚು ಸರಿಸಿ ಇಳಿಯುತ್ತಾರೆ. ಬೀರು ಇರುವ ಕೋಣೆಗಾದರೂ ಹೆಂಚಿನ ಕೆಳಗೆ ಕಬ್ಬಿಣದ ಜಾಲರಿ ಹೊಡೆಸಿ.

ಎಲ್ಲ ಕಿಟಕಿಗೂ ಗ್ರಿಲ್ ಹಾಕಿಸುವಾಗ ಒಂದನ್ನು ಒಳಗಿನಿಂದ ತೆರೆಯುವಂತೆ ಮಾಡಿಸಿ, ಅದರ ಕೀ ಅಲ್ಲೇ ಒಳಗೆ ಹೊರಗಿನವರ ಕೈಗೆ ಎಟುಕದ ದೂರದಲ್ಲಿ ಇರಲಿ. ಬೆಂಕಿ ಬಿದ್ದಾಗ ಮನೆಯವರು ಹೊರಗೆ ಬರೋಕಾಗದಂಥ ಭದ್ರತೆ ಯಾರಿಗೂ ಬೇಡ.

ಮನೆಯಲ್ಲಿ ಜನ ಇದ್ದಾರೆ ಅನ್ನಿಸಬೇಕು

ಖಾಲಿ ಮನೆಯನ್ನು ರಸ್ತೆಯಲ್ಲಿ ಹೋಗುವವರು ಹೇಗೆ ಗುರುತಿಸುತ್ತಾರೆ? ಗೇಟಿನ ಒಳಗೆ ಬಿದ್ದ ಎರಡು ದಿನದ ಪೇಪರ್, ಬಿಸಿಲಲ್ಲಿ ಉಬ್ಬಿದ ಹಾಲಿನ ಪ್ಯಾಕೆಟ್, ಗೇಟಿಗೆ ಸಿಕ್ಕಿಸಿದ ಕರೆಂಟ್ ಬಿಲ್, ಹಗಲಲ್ಲೂ ಉರಿಯುವ ಬಲ್ಬ್. ಇದೆಲ್ಲಕ್ಕಿಂತ ಬೇಗ ಕಣ್ಣಿಗೆ ಬೀಳುವುದು ಬಾಗಿಲ ಮುಂದೆ ಗುಡಿಸದ, ನೀರು ಹಾಕದ, ರಂಗೋಲಿ ಇಲ್ಲದ ಜಾಗ. ಬೀದಿಯ ಹತ್ತು ಮನೆ ಮುಂದೆ ರಂಗೋಲಿ ಇದ್ದು ಒಂದರ ಮುಂದೆ ಮಾತ್ರ ಒಣಗಿದ ಎಲೆ ಬಿದ್ದಿದ್ದರೆ ಬೇರೆ ಸಾಕ್ಷಿ ಯಾಕೆ ಬೇಕು?

ಹಾಗಾಗಿ ಪಕ್ಕದ ಮನೆಯವರ ಹತ್ತಿರ ಬಾಯಿಬಿಟ್ಟು ಕೇಳಿ. "ಅಕ್ಕಾ, ನಾಳೆಯಿಂದ ನಾಲ್ಕು ದಿನ ಇರಲ್ಲ. ಬೆಳಗ್ಗೆ ನಿಮ್ಮ ಬಾಗಿಲಿಗೆ ನೀರು ಹಾಕುವಾಗ ನಮ್ಮದಕ್ಕೂ ಒಂದು ಚೊಂಬು ಹಾಕಿ, ಎರಡು ಎಳೆ ರಂಗೋಲಿ ಬಿಡಿ, ಹಾಲೂ ನೀವೇ ಎತ್ಕೊಳ್ಳಿ" ಅಂದರೆ ಇಲ್ಲ ಅನ್ನುವವರು ಕಡಿಮೆ. ಅವರು ಊರಿಗೆ ಹೋದಾಗ ನೀವು ಮಾಡಿ. ಅವರ ಬೈಕನ್ನು ರಾತ್ರಿ ನಿಮ್ಮ ಗೇಟಿನ ಮುಂದೆ ನಿಲ್ಲಿಸಲು ಹೇಳಿ. ಪೇಪರ್ ಮತ್ತು ಹಾಲು ನಿಲ್ಲಿಸುವುದಕ್ಕಿಂತ ಪಕ್ಕದವರು ಎತ್ತಿಡುವುದೇ ಮೇಲು, ಎಷ್ಟು ದಿನ ಇರಲ್ಲ ಅನ್ನುವ ಮಾತು ಹತ್ತು ಕಿವಿಗೆ ಬೀಳುವುದಿಲ್ಲ. ಪ್ರವಾಸದ ಫೋಟೊಗಳನ್ನು ಮನೆಗೆ ಬಂದ ಮೇಲೆ ಹಾಕಿ. ಏರ್‌ಪೋರ್ಟ್‌ನಲ್ಲಿ ನಿಂತು ಬೋರ್ಡಿಂಗ್ ಪಾಸ್ ತೋರಿಸುವ ಫೋಟೊ ಬೇಡವೇ ಬೇಡ.

ಬಲ್ಬ್ ಒಂದನ್ನೇ ಹಗಲು ರಾತ್ರಿ ಉರಿಸಬೇಡಿ. ಟೈಮರ್ ಪ್ಲಗ್ ಅಥವಾ ಮೊಬೈಲ್‌ನಿಂದ ನಡೆಯುವ ಬಲ್ಬ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಂಜೆ ಹಾಲ್‌ನಲ್ಲಿ ಹತ್ತಿ, ರಾತ್ರಿ ರೂಮಿನಲ್ಲಿ ಹತ್ತಿ, ಆಮೇಲೆ ಆರುವಂತೆ ಇಡಿ. ಹಿತ್ತಲಿಗೆ ಸೆನ್ಸರ್ ಲೈಟ್ ಹಾಕಿಸಿ.

ಪೊಲೀಸರಿಗೂ ಹೇಳಿ ಹೋಗಿ. ಇದಕ್ಕೆ ಸಂಕೋಚ ಬೇಡ, ಊರಿಗೆ ಹೋಗುವ ಮುಂಚೆ ತಿಳಿಸಿ ಅಂತ ಹಬ್ಬದ ಸಮಯದಲ್ಲಿ ಅವರೇ ಕೇಳಿಕೊಳ್ಳುತ್ತಾರೆ. ಠಾಣೆಗೆ ಹೋಗಿ ವಿಳಾಸ, ದಿನಾಂಕ, ಫೋನ್ ನಂಬರ್ ಕೊಟ್ಟರೆ ಬೀಟ್ ಪೊಲೀಸರು ರಾತ್ರಿ ಗಸ್ತಿನಲ್ಲಿ ಆ ಕಡೆ ಕಣ್ಣು ಹಾಕುತ್ತಾರೆ. ರಾಜ್ಯ ಪೊಲೀಸರ ಕೆಎಸ್‌ಪಿ ಆ್ಯಪ್ ಮೂಲಕವೂ ಬೀಗ ಹಾಕಿದ ಮನೆಯ ಮಾಹಿತಿ ಕೊಡಬಹುದು. ನನ್ನನ್ನು ಕೇಳಿದರೆ ಒಮ್ಮೆ ಠಾಣೆಗೇ ಹೋಗಿ ಬನ್ನಿ, ನಿಮ್ಮ ಬೀಟ್ ಪೊಲೀಸರು ಯಾರು ಅಂತ ಗೊತ್ತಾಗುತ್ತದೆ, ಅವರ ನಂಬರ್ ಮೊಬೈಲ್‌ನಲ್ಲಿ ಇರುತ್ತದೆ.

ಕ್ಯಾಮೆರಾ, ಅಲಾರಂ

ಸಿಸಿಟಿವಿ ಹಾಕಿಸಿದ ಮೇಲೆ ಎಲ್ಲ ಆಯಿತು ಅಂದುಕೊಳ್ಳಬೇಡಿ. ಕಳ್ಳರು ಹೋಗುವಾಗ ರೆಕಾರ್ಡಿಂಗ್ ಉಳಿಯುವ ಡಿವಿಆರ್ ಡಬ್ಬವನ್ನೂ ಕಿತ್ತುಕೊಂಡು ಹೋದ ಪ್ರಕರಣಗಳು ಬೇಕಾದಷ್ಟಿವೆ. ಟಿವಿ ಪಕ್ಕ ಮಿನುಗುತ್ತಾ ಕೂತಿರುತ್ತದೆ ಅದು. ಡಿವಿಆರನ್ನು ಅಟ್ಟದಲ್ಲೋ ಬೀಗ ಹಾಕಿದ ಕಪಾಟಿನಲ್ಲೋ ಇಡಿ, ರೆಕಾರ್ಡಿಂಗ್ ಕ್ಲೌಡ್‌ಗೂ ಹೋಗುವಂತೆ ಮಾಡಿ. ಕರೆಂಟ್ ಹೋದರೆ ರೂಟರ್ ಸಾಯುತ್ತದೆ, ಕ್ಯಾಮೆರಾವೂ ಕುರುಡಾಗುತ್ತದೆ, ಅದಕ್ಕೆ ಎರಡಕ್ಕೂ ಚಿಕ್ಕ ಯುಪಿಎಸ್ ಕೊಡಿ. ಅಂಗಡಿಯವರು ಹಾಕಿಕೊಟ್ಟ ಪಾಸ್‌ವರ್ಡ್ ಬದಲಿಸದೆ ಬಿಟ್ಟರೆ ನಿಮ್ಮ ಮನೆಯನ್ನು ಬೇರೆ ಯಾರೋ ಕೂತು ನೋಡಬಹುದು. ಕ್ಯಾಮೆರಾ ತೀರಾ ಎತ್ತರಕ್ಕೆ ಹಾಕಿದರೆ ಟೋಪಿ ಮಾತ್ರ ಕಾಣುತ್ತದೆ, ಒಂದಾದರೂ ಮುಖದ ಮಟ್ಟಕ್ಕೆ ಹತ್ತಿರ ಇರಲಿ.

ಬಜೆಟ್ ಕಡಿಮೆ ಇದ್ದರೆ ಕ್ಯಾಮೆರಾಗಿಂತ ಮೊದಲು ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಅಲಾರಂ ತನ್ನಿ. ಬಾಗಿಲು ತೆರೆದ ಕೂಡಲೇ ಕಿರುಚುತ್ತದೆ. ಕ್ಯಾಮೆರಾ ಕಳ್ಳನನ್ನು ನೋಡುತ್ತದೆ, ಅಲಾರಂ ಅವನನ್ನು ಓಡಿಸುತ್ತದೆ. ವಿದೇಶದಲ್ಲಿದ್ದು ಮೈಸೂರಿನಲ್ಲೋ ಧಾರವಾಡದಲ್ಲೋ ಇರುವ ಅಪ್ಪ ಅಮ್ಮನ ಮನೆಗೆ ಕ್ಯಾಮೆರಾ ಹಾಕಿಸುವವರು ಅಲರ್ಟ್ ನಿಮ್ಮ ಫೋನಿಗೆ ಮಾತ್ರ ಬರುವಂತೆ ಇಡಬೇಡಿ. ನೀವು ನಿದ್ದೆಯಲ್ಲಿರುತ್ತೀರಿ. ಅದೇ ಬೀದಿಯಲ್ಲಿ ಇರುವ ಒಬ್ಬರ ಫೋನಿಗೂ ಹೋಗಲಿ.

ಮನೆಯಲ್ಲಿ ಇದ್ದಾಗ

ಬೆಂಗಳೂರಿನ ಪಿಜಿ, ಬ್ಯಾಚುಲರ್ ರೂಮ್‌ಗಳಲ್ಲಿ ಲ್ಯಾಪ್‌ಟಾಪ್, ಮೊಬೈಲ್ ಹೋಗುವುದಕ್ಕೆ ಬೀಗ ಮುರಿಯಬೇಕಾಗಿಯೇ ಇಲ್ಲ. ಬೆಳಗಿನ ಜಾವ ಒಬ್ಬ ಜಿಮ್‌ಗೋ ಶಿಫ್ಟ್‌ಗೋ ಹೋಗುತ್ತಾ ಬಾಗಿಲು ಮುಂದೆ ಎಳೆದು ಹೋಗಿರುತ್ತಾನೆ, ಉಳಿದವರು ಮಲಗಿರುತ್ತಾರೆ. ಕಿಟಕಿ ಪಕ್ಕ ಚಾರ್ಜ್‌ಗೆ ಹಾಕಿದ ಫೋನ್ ಸರಳಿನ ಸಂದಿಯಿಂದಲೇ ಹೋಗುತ್ತದೆ. ಯಾರೇ ಹೊರಟರೂ ಹೊರಗಿನಿಂದ ಕೀ ತಿರುಗಿಸಿ ಹೋಗುವ ಅಭ್ಯಾಸ ಮಾಡಿಕೊಳ್ಳಿ. ಒಳಗಿರುವ ಒಬ್ಬೊಬ್ಬರ ಹತ್ತಿರವೂ ಬೇರೆ ಕೀ ಇರಬೇಕು, ಅದು ಮರೆಯಬೇಡಿ.

ವಯಸ್ಸಾದವರು ಒಂಟಿಯಾಗಿರುವ ಮನೆಗೆ ಬಾಗಿಲಲ್ಲಿ ಕಣ್ಣಿನ ತೂತು ಮತ್ತು ಸೇಫ್ಟಿ ಚೈನ್ ಎರಡೂ ಬೇಕು. ಕರೆಂಟ್ ಆಫೀಸಿನವರು, ಗ್ಯಾಸ್ ಚೆಕಿಂಗ್‌ನವರು ಅಂತ ಬಂದರೆ ಚೈನ್ ತೆಗೆಯದೆ ಗುರುತಿನ ಚೀಟಿ ಕೇಳಿ. ಒಡವೆಗೆ ಪಾಲಿಶ್ ಹಾಕಿಕೊಡುತ್ತೇವೆ ಅನ್ನುವವರಿಗೆ ಬಾಗಿಲೇ ತೆರೆಯಬೇಡಿ. ಮನೆಗೆಲಸಕ್ಕೆ, ರೋಗಿ ನೋಡಿಕೊಳ್ಳಲಿಕ್ಕೆ ಹೊಸಬರನ್ನು ಇಟ್ಟುಕೊಳ್ಳುವಾಗ ಆಧಾರ್ ಪ್ರತಿ, ಫೋಟೊ ಪಡೆದು ಪೊಲೀಸ್ ಪರಿಶೀಲನೆ ಮಾಡಿಸಿ. ಅದನ್ನು ಅವರಿಗೆ ಮೊದಲೇ ಗೌರವದಿಂದ ಹೇಳಿ. ವರ್ಷಗಟ್ಟಲೆ ನಮ್ಮ ಮನೆ ತೊಳೆದವರನ್ನು ಒಂದು ಉಂಗುರ ಕಾಣದ ಕೂಡಲೇ ಕಳ್ಳಿ ಅನ್ನುವುದು ದೊಡ್ಡ ಅನ್ಯಾಯ.

ರಾತ್ರಿ ಯಾರೋ ಬಾಗಿಲು ಮೀಟುತ್ತಿರುವ ಸದ್ದು ಕೇಳಿದರೆ ನೋಡೋಣ ಅಂತ ಹೊರಗೆ ಹೋಗಬೇಡಿ. ಮನೆಯ ಎಲ್ಲ ಲೈಟ್ ಹಾಕಿ, ಜೋರಾಗಿ ಕೂಗಿ, 112ಕ್ಕೆ ಫೋನ್ ಮಾಡಿ, ಪಕ್ಕದವರಿಗೂ ಮಾಡಿ. ಒಳಗೇ ಬಂದಿದ್ದರೆ ಚಿನ್ನಕ್ಕಾಗಿ ಜಗ್ಗಾಡಬೇಡಿ. 2024ರ ಜುಲೈನಲ್ಲಿ ಮಂಗಳೂರಿನಲ್ಲಿ ಕಿಟಕಿ ಗ್ರಿಲ್ ಕತ್ತರಿಸಿ ವೃದ್ಧ ದಂಪತಿಯ ಮನೆಗೆ ನುಗ್ಗಿದ ತಂಡ ಅವರ ಮೇಲೆ ಹಲ್ಲೆ ಮಾಡಿ, ಒಡವೆ ದೋಚಿ, ಅವರದೇ ಕಾರಿನಲ್ಲಿ ಹೋಯಿತು. ಆಮೇಲೆ ಬಸ್ ಹತ್ತಿ ಬೆಂಗಳೂರು ಕಡೆ ಹೊರಟವರು ಅದೇ ದಿನ ಸಕಲೇಶಪುರದಲ್ಲಿ ಸಿಕ್ಕಿಬಿದ್ದರು. ಪೊಲೀಸರಿಗೆ ಬೇಗ ಸುದ್ದಿ ಮುಟ್ಟಿದರೆ ಮಾಲು ಸಮೇತ ಹಿಡಿಯುವ ಅವಕಾಶ ಇರುತ್ತದೆ, ಅದಕ್ಕೆ ನಿಮ್ಮ ಜೀವ ಉಳಿಸಿಕೊಳ್ಳುವುದು ಮೊದಲು, ಫೋನ್ ಮಾಡುವುದು ಮರುಕ್ಷಣ.

ಇನ್ನೊಂದು ಮಾತು ಹೇಳಲೇಬೇಕು. ಗೇಟಿನ ಮೇಲೆ ಚಾಕ್ ಗುರುತು ಹಾಕಿ ಹೋಗುತ್ತಾರೆ, ಕಂಬಳಿ ಮಾರುವವರೇ ಕಳ್ಳರು ಅಂತೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿರುತ್ತದೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅನ್ನುವ ವದಂತಿಗೆ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಅನುಮಾನ ಬಂದರೆ ಗಾಡಿ ನಂಬರ್ ಬರೆದುಕೊಳ್ಳಿ, 112ಕ್ಕೆ ಹೇಳಿ. ಕೈ ಎತ್ತುವುದು ನಮ್ಮ ಕೆಲಸ ಅಲ್ಲ.

ಕಳ್ಳತನ ಆಗಿಯೇ ಬಿಟ್ಟರೆ

ಬಾಗಿಲು ಮುರಿದಿರುವುದು ಕಂಡ ಕೂಡಲೇ ಒಳಗೆ ಓಡಬೇಡಿ. ಕಳ್ಳ ಇನ್ನೂ ಒಳಗೇ ಇರಬಹುದು. ಹೊರಗೆ ನಿಂತೇ 112ಕ್ಕೆ ಕರೆ ಮಾಡಿ. ಬೀರು ಮುಟ್ಟಬೇಡಿ, ಚೆಲ್ಲಿದ ಬಟ್ಟೆ ಎತ್ತಿಡಬೇಡಿ, ನೆಂಟರನ್ನು ಒಳಗೆ ಬಿಡಬೇಡಿ. ಬೆರಳಚ್ಚಿನವರು, ಶ್ವಾನದಳ ಬಂದು ಹೋಗುವವರೆಗೆ ಮನೆ ಹಾಗೇ ಇರಲಿ.

ದೂರಿನಲ್ಲಿ ಹೋದ ವಸ್ತು, ತೂಕ, ಗುರುತು ಎಲ್ಲ ಬರೆಯಿರಿ. ಆ ಭಾನುವಾರ ಮಾಡಿಟ್ಟ ಪಟ್ಟಿ ಈಗ ಕೆಲಸಕ್ಕೆ ಬರುತ್ತದೆ. ಎಫ್‌ಐಆರ್ ಪ್ರತಿ ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು, ಕೇಳಿ ತೆಗೆದುಕೊಳ್ಳಿ. 2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನು ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಎಫ್‌ಐಆರ್‌ನಲ್ಲಿ 305 ಮತ್ತು 331ನೇ ಸೆಕ್ಷನ್‌ಗಳು ಕಾಣುತ್ತವೆ. 305 ಅಂದರೆ ವಾಸದ ಮನೆಯಲ್ಲಿ ಕಳವು, ಏಳು ವರ್ಷದವರೆಗೆ ಶಿಕ್ಷೆ ಇದೆ. 331 ಮನೆ ಮುರಿದು ನುಗ್ಗಿದ್ದಕ್ಕೆ.

ಮೊಬೈಲ್ ಹೋಗಿದ್ದರೆ ದೂರಿನ ಪ್ರತಿ ಮತ್ತು ಫೋನಿನ ಗುರುತಿನ ನಂಬರ್ ಆದ ಐಎಂಇಐ ಹಾಕಿ, ಕಳೆದ ಫೋನ್ ತಡೆಹಿಡಿಯುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಿ. ಎಟಿಎಂ ಕಾರ್ಡ್, ಚೆಕ್ ಬುಕ್ ಹೋಗಿದ್ದರೆ ಬ್ಯಾಂಕಿಗೆ ತಕ್ಷಣ ಹೇಳಿ. ಇನ್ಶೂರೆನ್ಸ್ ಇದ್ದರೆ ಅವತ್ತೇ ತಿಳಿಸಿ. ಭಾರತ್ ಗೃಹ ರಕ್ಷಾ ಪಾಲಿಸಿ ಇದೆ, ಎಲ್ಲ ಬರುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಅದು ಮುಖ್ಯವಾಗಿ ಬೆಂಕಿ, ಪ್ರವಾಹ, ಭೂಕಂಪದಂಥವಕ್ಕೆ, ಹಾಗೆ ಏನಾದರೂ ಆಗಿ ಏಳು ದಿನದೊಳಗೆ ಅದರಿಂದಲೇ ಕಳವಾದರೆ ಮಾತ್ರ ಕಳವಿಗೂ ಸಿಗುತ್ತದೆ. ಸುಮ್ನೆ ಬೀಗ ಮುರಿದು ಕದ್ದರೆ ಬೇರೆ ಕಳ್ಳತನದ ಕವರ್ ಬೇಕು, ಒಡವೆಯನ್ನು ಅದರಲ್ಲಿ ಬೇರೆಯಾಗಿ ಬರೆಸಿರಬೇಕು. ಪಾಲಿಸಿ ಮಾಡಿಸುವಾಗಲೇ ಇದನ್ನು ಕೇಳಿ, ಮನೆ ಎಷ್ಟು ದಿನ ಖಾಲಿ ಇದ್ದರೆ ಕವರ್ ನಿಲ್ಲುತ್ತದೆ ಅನ್ನುವುದನ್ನೂ ಕೇಳಿ.

ಮಾಲು ಸಿಕ್ಕಿದರೆ ಠಾಣೆಯಿಂದ ಕರೆ ಬರುತ್ತದೆ. ಸಾಮಾನ್ಯವಾಗಿ ಕೋರ್ಟಿಗೆ ಅರ್ಜಿ ಹಾಕಿ, ಒಡವೆ ನಿಮ್ಮದೇ ಅಂತ ಬಿಲ್, ಫೋಟೊ ತೋರಿಸಿ ಬಿಡಿಸಿಕೊಳ್ಳಬೇಕು. ಪೊಲೀಸರು ಸಿಕ್ಕ ಮಾಲನ್ನೆಲ್ಲ ಒಂದೆಡೆ ಇಟ್ಟು ತೋರಿಸುವ ಪ್ರಾಪರ್ಟಿ ಪೆರೇಡ್ ಮಾಡಿ ಹಿಂದಿರುಗಿಸುವುದೂ ಇದೆ. ತಿಂಗಳುಗಟ್ಟಲೆ ಸುದ್ದಿ ಇಲ್ಲದಿದ್ದರೆ ಎಫ್‌ಐಆರ್ ನಂಬರ್ ಹಿಡಿದು ಆಗಾಗ ಠಾಣೆಗೆ ಹೋಗಿ ವಿಚಾರಿಸುತ್ತಿರಿ. ಕೀ ಗೊಂಚಲೂ ಹೋಗಿದ್ದರೆ ಕತ್ತಲಾಗುವ ಮುಂಚೆ ಎಲ್ಲ ಲಾಕ್ ಬದಲಿಸಿ, ಗಾಡಿಯದೂ ಸೇರಿ.